ಸೋವಿಯ ಎಸ್‌ಎಸ್‌ಡಿಯೂ ಸಾವಕಾಶದ ಬರವಣಿಗೆಯೂ

ಬರೆಯುವದು ಸುಲಭ, ಬರೆದುದನ್ನು ಉಳಿಸಿಕೊಳ್ಳುವದು ಕಠಿಣ. ಬಾದಾಮಿಯ ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಕ್ರಿ. ಶ. ೫೪೩ರಲ್ಲಿ ಕೆತ್ತಿಸಿದ ಶಾಸನವೂ, ಮೂರನೆಯ ಗುಹೆಯಲ್ಲಿ ಮಂಗಲೇಶನು ಕೆತ್ತಿಸಿದ, ಶಕ ೫೦೦ರ, ಎಂದರೆ ಕ್ರಿ. ಶ. ೫೭೮ರ ಶಾಸನವೂ ಇಂದಿಗೂ ಕಣ್ಣಿಗೆ ಕಾಣುತ್ತಿರುವವು. ಆ ಅಕ್ಷರಗಳನ್ನು ಕೆತ್ತಲಿಕ್ಕೆ ಕಲ್ಲುಕುಟಿಗನಿಗೆ ಎಷ್ಟು ದಿನ ಹಿಡಿಯಿತೆಂದು ಈಗ ಯಾರೂ ಕೇಳುವದಿಲ್ಲ. ಅವು ಉಳಿದವೆಂಬುದೊಂದೇ ನಮಗೆ ಮುಖ್ಯ. ನಮ್ಮ ಕಾಲದ ಗೃಹಸ್ಥರಾದ ನಾವಾದರೋ ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಮದುವೆಯ ಚಿತ್ರ, ಮಕ್ಕಳ ಮಾತು, ಮನೆಯ ಲೆಕ್ಕ, ಹೊಲದ ಉತಾರ ಎಲ್ಲವನ್ನೂ ಬರೆದಿಡುತ್ತೇವೆ. ಬರೆಯುವದಕ್ಕೆ ನಾಲ್ಕು ನಿಮಿಷ ಹೆಚ್ಚು ಹಿಡಿದರೆ ಸಿಟ್ಟಾಗುತ್ತೇವೆ. ಈ ಸಿಟ್ಟಿನಿಂದ ನಮ್ಮ ಮನೆಯಲ್ಲಿ ಎಂಥ ಹಾನಿಯು ಆಗುತ್ತಿತ್ತೆಂಬುದನ್ನೂ, ಅದು ಹೇಗೆ ತಪ್ಪಿತೆಂಬುದನ್ನೂ ವಾಚಕರ ಮುಂದೆ ಇಡುವದು ಉಪಯುಕ್ತವೆಂದು ತೋರಿದ್ದರಿಂದ ಈ ಲೇಖನವನ್ನು ಬರೆದಿದ್ದೇನೆ.

ನಡೆದ ಸಂಗತಿ

ನಮ್ಮದು ಮೂಲದಲ್ಲಿ ಹಳೆಯ ಬಾಗಲಕೋಟೆಯ ಮನೆತನ. ಆಲಮಟ್ಟಿಯ ಹಿನ್ನೀರು ಏರಿ ಬಂದಾಗ ಊರಿನ ಎಷ್ಟೋ ಓಣಿಗಳು ಮುಳುಗಿದವು. ಅವುಗಳೊಡನೆ ನಮ್ಮ ಮನೆಯೂ ಹೋಯಿತು. ನಾವು ನವನಗರಕ್ಕೆ ಬಂದು ನೆಲೆಸಿದೆವು. ಬಿಟ್ಟು ಬರುವ ಮೊದಲು ತೆಗೆಯಿಸಿದ ಚಿತ್ರಗಳು, ಪಡಸಾಲೆ, ಕಟ್ಟೆ, ದೇವರ ಮಾಡ, ತೊಲೆಬಾಗಿಲು, ಇವಿಷ್ಟೇ ಆ ಮನೆಯಲ್ಲಿ ನಮಗೆ ಉಳಿದ ಆಸ್ತಿ. ಅವುಗಳ ಜೊತೆಗೆ ನಮ್ಮ ಅವ್ವನು ತೀರಿಕೊಳ್ಳುವ ಎರಡು ವರ್ಷ ಮೊದಲು ಹೇಳಿದ ಬೀಸುವ ಪದಗಳ ಧ್ವನಿಮುದ್ರಣವೂ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದ್ದಿತು. ಆ ಡಿಸ್ಕು ಇಳಕಲ್ಲದಲ್ಲಿರುವ ನನ್ನ ತಂಗಿಯ ಮನೆಯಲ್ಲಿತ್ತು. ಅವಳ ಮನೆಯವರು ನೇಕಾರರು. ಹಳೆಯ ಸೀರೆಗಳ ಚಿಕ್ಕಿಪರಾಸ, ಗೋಮಿ ಮೊದಲಾದ ದಡಿಗಳ ಚಿತ್ರಗಳನ್ನೂ, ತೋಪುತೆನಿ ಸೆರಗಿನ ನಮೂನೆಗಳನ್ನೂ ಅವರು ಅದರಲ್ಲಿಯೇ ಕೂಡಿಹಾಕಿದ್ದರು.

ಕಳೆದ ಬೇಸಿಗೆಯಲ್ಲಿ ಆ ಡಿಸ್ಕು ಆಗಾಗ ಗರಗರ ಸದ್ದು ಮಾಡಲಾರಂಭಿಸಿತು. ಕಾಲೇಜಿನಲ್ಲಿ ಓದುವ ನನ್ನ ಸೋದರಳಿಯನು ಜಾಣನಾದ್ದರಿಂದ, ಅದರಲ್ಲಿದ್ದ ೧೨೦ ಗಿಗಾಬೈಟಿನಷ್ಟು ಸಂಗ್ರಹವನ್ನು ತನ್ನ ಎಸ್‌ಎಸ್‌ಡಿಗೆ ನಕಲು ಮಾಡಲು ಕುಳಿತನು. ಈ ಎಸ್‌ಎಸ್‌ಡಿಯು ಹಿಂದಿನ ದೀಪಾವಳಿಗೆ ಬಹಳ ಸೋವಿಯಾಗಿ ಕೊಂಡದ್ದು, ೪೮೦ ಗಿಗಾಬೈಟಿನದು, ಅದರಲ್ಲಿ ೩೦೦ರಷ್ಟು ಆಗಲೇ ಸಿನೆಮಾ ಮುಂತಾದವುಗಳಿಂದ ತುಂಬಿತ್ತು. ಮೊದಲು ಏಳೆಂಟು ನಿಮಿಷ ಕೆಲಸವು ಸೆಕೆಂದಿಗೆ ೧೦೦ ಮೆಗಾಬೈಟಿನಂತೆ ಸರಾಗವಾಗಿ ನಡೆಯಿತು. ೪೦ ಗಿಗಾಬೈಟು ದಾಟಿದೊಡನೆ ವೇಗವು ೨೫ಕ್ಕೆ ಇಳಿಯಿತು. ನಡುನಡುವೆ ಸೊನ್ನೆಗೂ ಬಂದು ನಿಂತಿತು. ಹುಡುಗನು ಹೆದರಿ, ನಕಲು ನಡೆದಿರುವಾಗಲೇ ಕೇಬಲನ್ನು ಕಿತ್ತು ಕಂಪ್ಯೂಟರಿನ ಮುಂಭಾಗದ ಇನ್ನೊಂದು ತೂತಿಗೆ ಚುಚ್ಚಿದನು. ಅಲ್ಲಿಯಂತೂ ವೇಗವು ೩೫ರ ಮೇಲೆ ಏರಲೇ ಇಲ್ಲ. ಎಸ್‌ಎಸ್‌ಡಿಯು ಕೆಟ್ಟಿತೆಂದು ನಿಶ್ಚಯಿಸಿ, ಅದನ್ನು ಪೂರ್ತಿ ಒರಸಿ ಹೊಸದಾಗಿ ಸಿದ್ಧಪಡಿಸಬೇಕೆಂದು ಅವನು ಹೊರಟಿದ್ದನು. ಅಷ್ಟರಲ್ಲಿ ತಂಗಿಯ ಫೋನು ನನಗೆ ಬಂದಿತು: "ಅಣ್ಣಾ, ಅವ್ವನ ಧ್ವನಿ ಹೋಗತೈತೇನೋ! ಹಳೇದು ಸದ್ದು ಮಾಡತೈತಿ, ಹೊಸಾದೂ ಕೆಟ್ಟೈತಿ ಅಂತಾನ ಹುಡುಗ."

"ಯಾವದನ್ನೂ ಒರಸಬ್ಯಾಡ್ರಿ, ಎರಡನ್ನೂ ಹಂಗ ಇಡ್ರಿ," ಎಂದು ಹೇಳಿ ನಾನು ಮರುದಿನದ ಮೊದಲನೆಯ ಬಸ್ಸು ಹಿಡಿದೆನು. ದಾರಿಯಲ್ಲಿ ಹುನಗುಂದದಲ್ಲಿಳಿದು, ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದ ತರುಣನೊಬ್ಬನನ್ನು ಜೊತೆಗೆ ಕರೆದುಕೊಂಡೆನು. ಅವನು ಇಳಕಲ್ಲಕ್ಕೆ ಬಂದು ಎಲ್ಲವನ್ನೂ ಕೇಳಿಕೊಂಡು ನಕ್ಕನು. "ಕಾಕಾ, ಇದು ಕೆಟ್ಟಿಲ್ರೀ, ದಣದೈತಿ ಅಷ್ಟ. ಮೊದಲು ಅವ್ವಾರ ಧ್ವನಿ ತಗೀರಿ," ಅಂದನು. ಧ್ವನಿಮುದ್ರಣವೂ ಹಳೆಯ ಮನೆಯ ಚಿತ್ರಗಳೂ ಕೂಡಿ ಎರಡು ಗಿಗಾಬೈಟಿಗಿಂತ ಹೆಚ್ಚಿರಲಿಲ್ಲ. ಒಂದು ಪೆನ್‌ಡ್ರೈವಿಗೂ ನನ್ನ ಮೊಬೈಲಿಗೂ ಅವು ಕೆಲವು ನಿಮಿಷಗಳಲ್ಲಿ ಬಂದವು. ಅಮೂಲ್ಯವಾದದ್ದನ್ನು ಮೊದಲು ದಾಟಿಸಬೇಕು, ಭಾರವಾದದ್ದನ್ನು ಆಮೇಲೆ. ಪ್ರವಾಹ ಬಂದಾಗ ಕೂಸನ್ನು ಬಿಟ್ಟು ಕಪಾಟನ್ನು ಹೊರುವರೇ? ನಮ್ಮ ಹುಡುಗನು ದೊಡ್ಡ ಮದುವೆಯ ವೀಡಿಯೊಗಳಿಂದ ಆರಂಭಿಸಿದ್ದೇ ಮೊದಲಿನ ತಪ್ಪಾಗಿತ್ತು.

ಪೆಟ್ಟಿಗೆಯ ಒಳಗಿನ ವ್ಯವಸ್ಥೆ

ಎಸ್‌ಎಸ್‌ಡಿ ಎಂದರೆ ಸಾಲಿಡ್ ಸ್ಟೇಟ್ ಡ್ರೈವ್. ಹಳೆಯ ಹಾರ್ಡ್ ಡಿಸ್ಕಿನಲ್ಲಿರುವಂತೆ ತಿರುಗುವ ತಟ್ಟೆಯಾಗಲಿ, ಓಡಾಡುವ ಸೂಜಿಯಾಗಲಿ ಇದರಲ್ಲಿ ಇಲ್ಲ. ಜಪಾನದ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಓಕಾ ಎಂಬ ಎಂಜಿನಿಯರರೂ ಅವರ ಸಂಗಡಿಗರೂ ೧೯೮೭ರಲ್ಲಿ ಲೋಕದ ಮುಂದಿಟ್ಟ 'ನ್ಯಾಂಡ್ ಫ್ಲ್ಯಾಶ್' ಎಂಬ ಸ್ಮರಣಾಂಗವೇ ಇದರ ಜೀವಾಳ. ಅದರಲ್ಲಿ ಕೋಟ್ಯವಧಿ ಸಣ್ಣ ಕೋಣೆಗಳಿರುತ್ತವೆ. ಪ್ರತಿಯೊಂದು ಕೋಣೆಯಲ್ಲಿ ಇಷ್ಟಿಷ್ಟು ವಿದ್ಯುತ್ತನ್ನು ಕೂಡಿಡುವದೇ 'ಬರೆಯುವದು'.

ಕೋಣೆಯನ್ನು ಒಂದು ನೀರಿನ ಗಡಿಗೆಯೆಂದು ತಿಳಿಯಿರಿ. ಗಡಿಗೆಯು ಬರಿದಾಗಿದೆಯೋ ತುಂಬಿದೆಯೋ ಎಂದು ಎರಡೇ ಮಟ್ಟ ನೋಡಿದರೆ ಒಂದು 'ಬಿಟ್' ಸಂಗತಿ ತಿಳಿಯುವದು. ಹೀಗೆ ತುಂಬುವದು ಬಹು ಬೇಗನೆ ಆಗುತ್ತದೆ, ಗಡಗಡ ಸುರಿದರಾಯಿತು. ಆದರೆ ಅದೇ ಗಡಿಗೆಯಲ್ಲಿ ಎಂಟು ಮಟ್ಟಗಳನ್ನು ಗುರುತಿಸಿದರೆ ಮೂರು ಬಿಟ್‌ಗಳೂ, ಹದಿನಾರು ಮಟ್ಟಗಳನ್ನು ಗುರುತಿಸಿದರೆ ನಾಲ್ಕು ಬಿಟ್‌ಗಳೂ ಹಿಡಿಯುತ್ತವೆ. ಮೊದಲಿನದಕ್ಕೆ ಎಸ್‌ಎಲ್‌ಸಿ, ಮೂರರದಕ್ಕೆ ಟಿಎಲ್‌ಸಿ, ನಾಲ್ಕರದಕ್ಕೆ ಕ್ಯೂಎಲ್‌ಸಿ ಎಂದು ಹೆಸರು. ಮಟ್ಟಗಳು ಹೆಚ್ಚಿದಂತೆ ಅದೇ ಬೆಲೆಗೆ ಹೆಚ್ಚು ಸಂಗ್ರಹವು ದೊರೆಯುವದು. ಆದರೆ ನೀರನ್ನು ಗೆರೆಗೆ ಸರಿಯಾಗಿ, ಹನಿಹನಿಯಾಗಿ, ಅಳೆದಳೆದು ಸುರಿಯಬೇಕಾಗುವದು. ಆದ್ದರಿಂದ ಬರೆಯುವದು ಸಾವಕಾಶ. ಗಡಿಗೆಯೂ ಬೇಗ ಸವೆಯುತ್ತದೆ. ಸೋವಿಯ ಎಸ್‌ಎಸ್‌ಡಿಗಳೆಲ್ಲ ಬಹುತರವಾಗಿ ಟಿಎಲ್‌ಸಿ ಇಲ್ಲವೆ ಕ್ಯೂಎಲ್‌ಸಿ ಜಾತಿಯವು.

ಹಾಗಾದರೆ ಮೊದಲಿನ ನಿಮಿಷಗಳ ವೇಗವು ಎಲ್ಲಿಂದ ಬಂದಿತು? ಇಲ್ಲಿ ತಯಾರಕರು ಒಂದು ಯುಕ್ತಿಯನ್ನು ಮಾಡಿರುತ್ತಾರೆ. ಸುಗ್ಗಿಯಲ್ಲಿ ಜೋಳದ ಬಂಡಿಗಳು ಸಾಲಾಗಿ ಬಂದಾಗ ನಾವು ಚೀಲಗಳನ್ನು ಮೊದಲು ಅಂಗಳದಲ್ಲಿ ಇಳಿಸುತ್ತೇವೆ; ಹಗೇವಿನಲ್ಲಿ ಹಾಕುವದು ಆಮೇಲಿನ ಮಾತು. ಅದರಂತೆಯೇ ಎಸ್‌ಎಸ್‌ಡಿಯು ಬರಿದಾದ ಕೆಲವು ಕೋಣೆಗಳಲ್ಲಿ ಒಂದೊಂದೇ ಬಿಟ್ಟಿನಂತೆ ಗಡಗಡ ಬರೆದುಕೊಂಡು, ಬಿಡುವಾದಾಗ ಅದನ್ನು ಒತ್ತಾಗಿ ಮೂರು ಅಥವಾ ನಾಲ್ಕು ಬಿಟ್ಟಿನಂತೆ ಬೇರೆಡೆಗೆ ಸರಿಸಿಡುತ್ತದೆ. ಈ ಅಂಗಳಕ್ಕೆ 'ಕ್ಯಾಶ್' ಎನ್ನುವರು. ಅಂಗಳವು ತುಂಬಿದ ಮೇಲೂ ಬಂಡಿಗಳು ಬರುತ್ತಲೇ ಇದ್ದರೆ, ಒಂದು ಚೀಲವನ್ನು ಹಗೇವಿಗೆ ಒಯ್ದ ಹೊರತು ಇನ್ನೊಂದನ್ನು ಇಳಿಸಲಿಕ್ಕೆ ಬರುವದಿಲ್ಲ. ನಮ್ಮ ಹುಡುಗನು ಕಂಡದ್ದು ಇದನ್ನೇ. ಅವನ ಡಿಸ್ಕಿನಲ್ಲಿ ಬರಿದಾಗಿದ್ದುದು ೧೮೦ ಗಿಗಾಬೈಟು. ಮೂರು ಬಿಟ್ಟಿನ ಕೋಣೆಗಳಲ್ಲಿ ಒಂದೊಂದೇ ಬಿಟ್ಟು ಬರೆದರೆ ಹೆಚ್ಚೆಂದರೆ ಅದರ ಮೂರನೆಯ ಒಂದು ಪಾಲು, ೬೦ ಗಿಗಾಬೈಟು ಹಿಡಿದೀತು. ತಯಾರಕರು ಅಷ್ಟೆಲ್ಲವನ್ನೂ ಅಂಗಳಕ್ಕೆ ಬಿಡುವದು ಅಪರೂಪ. ಆದ್ದರಿಂದ ನಾಲ್ವತ್ತಕ್ಕೆ ನಡಿಗೆಯು ತಗ್ಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳುವದು ಅವಶ್ಯ. ಪಾಟಿಯ ಮೇಲಿನ ಅಕ್ಷರವನ್ನು ಒರಸಿ ಅಲ್ಲಿಯೇ ಇನ್ನೊಂದನ್ನು ಬರೆಯಬಹುದು. ಬಂಡೆಯ ಮೇಲೆ ಬರೆಯಬೇಕಾದರೆ ಇಡಿಯ ಮುಖವನ್ನು ಮತ್ತೆ ಚಪ್ಪಟೆಯಾಗಿ ಕಡಿಯಬೇಕು. ಎಸ್‌ಎಸ್‌ಡಿಯು ಬಂಡೆಯ ಜಾತಿಗೆ ಸೇರಿದ್ದು. ಅದು ಪುಟ ಪುಟವಾಗಿ ಬರೆಯಬಲ್ಲದು. ಆದರೆ ಅಳಿಸುವದು ಮಾತ್ರ ನೂರಾರು ಪುಟಗಳ ಒಂದು ಗುಂಪನ್ನು ಒಮ್ಮೆಲೆ. ಆ ಗುಂಪಿನಲ್ಲಿ ಬೇಕಾದ ಪುಟಗಳಿದ್ದರೆ ಅವನ್ನು ಮೊದಲು ಬೇರೆಡೆಗೆ ನಕಲು ಮಾಡಿ, ಆಮೇಲೆ ಗುಂಪನ್ನು ಅಳಿಸಬೇಕು. ಡಿಸ್ಕು ಕಿಕ್ಕಿರಿದು ತುಂಬಿದ್ದರೆ ಈ ಸರಿಸಾಟದ ಕೆಲಸವೇ ಹೆಚ್ಚಾಗಿ, ನಮ್ಮ ಕೆಲಸವು ಹಿಂದೆ ಬೀಳುವದು.

ಪರೀಕ್ಷೆಯ ಕ್ರಮ

ಹುನಗುಂದದ ಆ ತರುಣನು ಒಂದಾದ ಮೇಲೊಂದರಂತೆ ಪರೀಕ್ಷಿಸಿದ ಕ್ರಮವನ್ನು ನಾನು ಬರೆದುಕೊಂಡೆನು. ಯಾರ ಮನೆಯಲ್ಲಿಯಾದರೂ ಇಂಥ ಪ್ರಸಂಗ ಬಂದರೆ ಇದೇ ಕ್ರಮದಿಂದ ನೋಡುವದು ಒಳ್ಳೆಯದು.

ಮೊದಲನೆಯದು, ದಾರಿ. ಡಿಸ್ಕು ಯಾವ ದಾರಿಯಿಂದ ಕಂಪ್ಯೂಟರಿಗೆ ಕೂಡಿದೆಯೆಂಬುದನ್ನು ನೋಡಬೇಕು. ಯುಎಸ್‌ಬಿ ೨.೦ ಎಂಬ ಹಳೆಯ ತೂತಿನಲ್ಲಿ ಕಾಗದದ ಮೇಲೆ ಸೆಕೆಂದಿಗೆ ೪೮೦ ಮೆಗಾಬಿಟ್‌ ಎಂದಿದ್ದರೂ, ನಿಜವಾಗಿ ಸಾಗುವದು ೩೦-೪೦ ಮೆಗಾಬೈಟು ಮಾತ್ರ. ಎಂಟು ಬಿಟ್‌ಗಳಿಗೆ ಒಂದು ಬೈಟು ಎಂಬುದನ್ನು ಮರೆಯಬಾರದು. ಯುಎಸ್‌ಬಿ ೩.೦ರ ತೂತುಗಳ ಒಳಗೆ ಬಹುಮಟ್ಟಿಗೆ ನೀಲಿ ಬಣ್ಣವಿರುತ್ತದೆ. ಹುಡುಗನು ಎರಡನೆಯ ಸಲ ಚುಚ್ಚಿದ್ದು ಕಪ್ಪು ತೂತಿಗೆ; ಆ ೩೫ರ ಮಿತಿಯು ಡಿಸ್ಕಿನ ದೋಷವಾಗಿರದೆ ತೂತಿನ ದೋಷವಾಗಿತ್ತು. ಕಂಪ್ಯೂಟರಿನ ಒಳಗೆ ಸಾಟಾ ಕೇಬಲಿನಿಂದ ಕೂಡಿಸಿದರೆ, ಮೂರನೆಯ ಪೀಳಿಗೆಯ ಸಾಟಾದಲ್ಲಿ ಸುಮಾರು ೫೫೦ ಮೆಗಾಬೈಟಿನವರೆಗೂ ದಾರಿ ಉಂಟು.

ಎರಡನೆಯದು, ಕೊಡುವವನ ಕೈ. ಬಾವಿಯಲ್ಲಿ ನೀರು ಸೇದುವವನೇ ಸಾವಕಾಶನಾಗಿದ್ದರೆ ಹೊರುವವನನ್ನು ಬಯ್ದು ಫಲವೇನು? ಹಳೆಯ ಹಾರ್ಡ್ ಡಿಸ್ಕು ಓದಿ ಕೊಡುವದೇ ಸೆಕೆಂದಿಗೆ ೧೦೦ರ ಸುಮಾರು. ದೊಡ್ಡ ವೀಡಿಯೊ ಒಂದಿದ್ದರೆ ಅದು ಸರಾಗವಾಗಿ ಓದುವದು. ಸಾವಿರಾರು ಸಣ್ಣ ಚಿತ್ರಗಳಿದ್ದರೆ ಅದರ ಸೂಜಿಯು ಅತ್ತಿತ್ತ ಓಡಾಡಿ ದಣಿದು ವೇಗವು ಇನ್ನೂ ತಗ್ಗುವದು.

ಮೂರನೆಯದು, ತುಂಬುವಿಕೆ. ನೂರಕ್ಕೆ ೧೫-೨೦ರಷ್ಟನ್ನಾದರೂ ಬರಿದಾಗಿ ಬಿಡತಕ್ಕದ್ದು. ಅಂಗಳವೂ ಸರಿಸಾಟದ ಜಾಗವೂ ಇದರಿಂದಲೇ ದೊರೆಯಬೇಕು.

ನಾಲ್ಕನೆಯದು, 'ಟ್ರಿಮ್'. ನಾವು ಒಂದು ಕಡತವನ್ನು ಅಳಿಸಿದಾಗ ಕಂಪ್ಯೂಟರು ತನ್ನ ಪಟ್ಟಿಯಿಂದ ಅದರ ಹೆಸರನ್ನು ತೆಗೆಯುವದೇ ಹೊರತು, ಆ ಪುಟಗಳು ಬೇಡವಾದವೆಂದು ಎಸ್‌ಎಸ್‌ಡಿಗೆ ತಾನಾಗಿ ತಿಳಿಯುವದಿಲ್ಲ. ತಿಳಿಸುವ ಆಜ್ಞೆಗೆ ಟ್ರಿಮ್ ಎಂದು ಹೆಸರು. ವಿಂಡೋಸಿನಲ್ಲಿ ಇದು ೨೦೦೯ರ ವಿಂಡೋಸ್ ೭ರಿಂದ ಬಂದಿದೆ. ಆದರೆ ಹೊರಗಿನ ಸೋವಿಯ ಯುಎಸ್‌ಬಿ ಡಬ್ಬಿಗಳು ಎಷ್ಟೋ ಸಲ ಈ ಆಜ್ಞೆಯನ್ನು ಒಳಗೆ ಮುಟ್ಟಿಸುವದೇ ಇಲ್ಲ. ಆಗ ಎಸ್‌ಎಸ್‌ಡಿಯು ಎಂದೋ ಅಳಿಸಿದ ಸಿನೆಮಾಗಳನ್ನೂ ಜೋಪಾನವಾಗಿ ಹೊತ್ತು ತಿರುಗುತ್ತಿರುತ್ತದೆ! ಅದನ್ನು ಕಂಪ್ಯೂಟರಿನ ಒಳಗೆ ಕೂಡಿಸಿ 'ಆಪ್ಟಿಮೈಜ್ ಡ್ರೈವ್ಸ್' ಎಂಬ ಕಿಟಕಿಯಲ್ಲಿ ಆ ಡಿಸ್ಕನ್ನು ಆರಿಸಿ ಗುಂಡಿಯನ್ನೊತ್ತಿದರೆ ಟ್ರಿಮ್ ಆಗುವದು. ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದ ಹಳೆಯ 'ಡಿಫ್ರಾಗ್' ಚಿಕಿತ್ಸೆಯನ್ನು ಮಾತ್ರ ಎಸ್‌ಎಸ್‌ಡಿಗೆ ಮಾಡಬಾರದು. ಅದರಿಂದ ಲಾಭವಿಲ್ಲ, ಸವೆತ ಮಾತ್ರ.

ಐದನೆಯದು, ಬಿಸಿ. ನಮ್ಮ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನದ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುವದು. ಗಾಳಿಯಾಡದ ಮೂಲೆಯಲ್ಲಿ ದೀರ್ಘಕಾಲ ಬರೆಯಿಸಿದರೆ ಡಿಸ್ಕು ಕಾಯ್ದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಎನ್‌ವಿಎಮ್‌ಇ ಎಂಬ ಪಟ್ಟಿಯಾಕಾರದ ಡಿಸ್ಕುಗಳಲ್ಲಿ ಇದು ಹೆಚ್ಚು. ದೊಡ್ಡ ನಕಲನ್ನು ಬೆಳಗಿನ ತಂಪಿನಲ್ಲಿ ಮಾಡುವದು ಲೇಸು.

ಆರನೆಯದು, ಆರೋಗ್ಯ. ಪ್ರತಿಯೊಂದು ಎಸ್‌ಎಸ್‌ಡಿಯು ತನ್ನ ಸವೆತದ ಲೆಕ್ಕವನ್ನು 'ಸ್ಮಾರ್ಟ್' ಎಂಬ ಪಟ್ಟಿಯಲ್ಲಿ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಧರ್ಮಾರ್ಥ ದೊರೆಯುವ ತಂತ್ರಾಂಶದಿಂದ ಅದನ್ನು ಓದಬಹುದು. ಕೆಟ್ಟ ಗುಂಪುಗಳ ಸಂಖ್ಯೆಯು ದಿನದಿನಕ್ಕೆ ಬೆಳೆಯುತ್ತಿದ್ದರೆ, ಇಲ್ಲವೆ ಓದುವಾಗಲೂ ತಪ್ಪುಗಳು ಬರುತ್ತಿದ್ದರೆ ಆಗ ಮಾತ್ರ ಡಿಸ್ಕು ರೋಗಿಯೆಂದು ತಿಳಿಯಬೇಕು. ನಮ್ಮದರಲ್ಲಿ ಅಂಥದೇನೂ ಕಾಣಲಿಲ್ಲ. ಬರೆಯುವದು ತಡವಾದರೂ ಓದುವದು ಚುರುಕಾಗಿದ್ದರೆ ಬಹುಮಟ್ಟಿಗೆ ಭಯವಿಲ್ಲ. ಆದರೆ ಕುತೂಹಲಕ್ಕಾಗಿ ವೇಗಪರೀಕ್ಷೆಯನ್ನು ಮೇಲಿಂದ ಮೇಲೆ ಮಾಡುತ್ತ ಕೂಡ್ರಬಾರದು. ಒಂದೊಂದು ಪರೀಕ್ಷೆಯೂ ಗಿಗಾಬೈಟುಗಟ್ಟಲೆ ಬರೆದು ಡಿಸ್ಕನ್ನು ಸವೆಸುತ್ತದೆ.

ಚಿಕಿತ್ಸೆಯೂ ಫಲವೂ

ಎಸ್‌ಎಸ್‌ಡಿಯನ್ನು ಅದರ ಡಬ್ಬಿಯಿಂದ ತೆಗೆದು ಕಂಪ್ಯೂಟರಿನ ಒಳಗೆ ಕೂಡಿಸಲಾಯಿತು. ಹುಡುಗನು ಮುಖ ಸಣ್ಣದು ಮಾಡಿಕೊಂಡು ೨೦೦ ಗಿಗಾಬೈಟಿನಷ್ಟು ಸಿನೆಮಾಗಳಿಗೆ ತಿಲಾಂಜಲಿಯನ್ನಿತ್ತನು. ಟ್ರಿಮ್ ಆಯಿತು. ಬಳಿಕ ಕಂಪ್ಯೂಟರನ್ನು ಚಾಲೂ ಇಟ್ಟು, ಏನನ್ನೂ ಬರೆಯದೆ, ಒಂದು ತಾಸು ಸುಮ್ಮನೆ ಬಿಟ್ಟೆವು. ನಾವೆಲ್ಲ ರೊಟ್ಟಿ ಊಟಕ್ಕೆ ಕುಳಿತೆವು. ಆ ವಿಶ್ರಾಂತಿಯಲ್ಲಿಯೇ ಡಿಸ್ಕು ತನ್ನ ಅಂಗಳವನ್ನು ಗುಡಿಸಿ ಸ್ವಚ್ಛ ಮಾಡಿಕೊಳ್ಳುವದು. ಊಟವಾದ ಮೇಲೆ ಸಂಗ್ರಹವನ್ನು ೪೦ ಗಿಗಾಬೈಟಿನ ಮೂರು ಕಂತುಗಳನ್ನಾಗಿ ಮಾಡಿ, ನಡುನಡುವೆ ಬಿಡುವು ಕೊಟ್ಟು ನಕಲು ಮಾಡಿದೆವು. ಪ್ರತಿಯೊಂದು ಕಂತೂ ಏಳೆಂಟು ನಿಮಿಷಗಳಲ್ಲಿ, ೧೦೦ರ ವೇಗವನ್ನು ಬಿಡದೆ, ಮುಗಿಯಿತು. ಹಿಂದಿನ ದಿನ ಕೇಬಲನ್ನು ಕಿತ್ತದ್ದರಿಂದ ಒಂದು ಮದುವೆಯ ವೀಡಿಯೊ ಅರ್ಧಕ್ಕೆ ಹರಿದುಹೋಗಿತ್ತು. ಹುಡುಗನು 'ಕತ್ತರಿಸಿ' ಒಯ್ಯದೆ 'ನಕಲು' ಮಾಡಿದ್ದರಿಂದ ಮೂಲವು ಹಳೆಯ ಡಿಸ್ಕಿನಲ್ಲಿಯೇ ಇತ್ತು. ಅದು ನಮ್ಮ ಪುಣ್ಯ. ಹೊಸ ಪ್ರತಿಯ ಕಡತಗಳ ಸಂಖ್ಯೆಯನ್ನೂ ಗಾತ್ರವನ್ನೂ ಹಳೆಯದರೊಡನೆ ಹೋಲಿಸಿ, ಅಲ್ಲಲ್ಲಿ ತೆರೆದು ನೋಡಿ, ಆಮೇಲೆಯೇ ಹಳೆಯದಕ್ಕೆ ವಿಶ್ರಾಂತಿ ಕೊಟ್ಟೆವು.

ಕೊಳ್ಳುವವರಿಗೆ ಎರಡು ಮಾತು

ಸೋವಿಯದೆಲ್ಲ ಕೆಟ್ಟದ್ದಲ್ಲ, ಆದರೆ ಯಾವ ಕೆಲಸಕ್ಕೆಂದು ತಿಳಿದು ಕೊಳ್ಳಬೇಕು. ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿದ ವೇಗವು ಅಂಗಳದ ವೇಗವೇ ಹೊರತು ಹಗೇವಿನದಲ್ಲ. ದಿನಾಲು ಪತ್ರ, ಲೆಕ್ಕ, ಓದು ಇಷ್ಟೇ ಇದ್ದ ಮನೆಗೆ ಸೋವಿಯದು ಸಾಕು. ಮದುವೆಯ ವೀಡಿಯೊ ತೆಗೆಯುವ ಉದ್ಯೋಗದವರಿಗೆ ಟಿಎಲ್‌ಸಿ ಜಾತಿಯದೂ, 'ಡಿರ್‍ಯಾಮ್' ಎಂಬ ಸ್ವಂತ ಸ್ಮರಣಫಲಕವುಳ್ಳದ್ದೂ ಯೋಗ್ಯ. ಯಾವ ಪುಟವು ಎಲ್ಲಿದೆಯೆಂಬ ಖಾತೆಕೀರ್ದಿಯನ್ನು ಡಿಸ್ಕು ಇಟ್ಟುಕೊಳ್ಳುವದು ಆ ಫಲಕದಲ್ಲಿ. ೧ ಟೆರಾಬೈಟಿನ ಡಿಸ್ಕಿಗೆ ಸುಮಾರು ೧ ಗಿಗಾಬೈಟಿನ ಫಲಕವಿರುವದು ವಾಡಿಕೆ. ಅದಿಲ್ಲದ ಡಿಸ್ಕು ಖಾತೆಯನ್ನು ಆಗಾಗ ಹಗೇವಿನಿಂದಲೇ ತೆಗೆದು ನೋಡಬೇಕಾಗುವದು. ಇನ್ನು ನಂಬಲಾಗದಷ್ಟು ಅಗ್ಗವಾಗಿ ಭಾರಿ ಗಾತ್ರವನ್ನು ಹೇಳಿಕೊಳ್ಳುವ ಅನಾಮಧೇಯ ಡಿಸ್ಕುಗಳಿಂದ ದೂರವಿರಬೇಕು. ಅವುಗಳಲ್ಲಿ ಕೆಲವು ಒಳಗೆ ಸಣ್ಣ ಮೆಮೊರಿ ಕಾರ್ಡನ್ನಿಟ್ಟು ಗಾತ್ರವನ್ನು ಸುಳ್ಳಾಗಿ ತೋರಿಸುವ ಮೋಸದ ಸರಕುಗಳು. ಅಂಥದರಲ್ಲಿ ಬರೆದದ್ದು ಬರೆದಂತೆ ತೋರಿ, ಓದುವಾಗ ಇಲ್ಲವಾಗುವದು.

ನಕಲು ನಡೆದಿರುವಾಗ ಕೇಬಲನ್ನು ಎಂದಿಗೂ ಕೀಳಬಾರದು. ಕರೆಂಟು ಹೋಗುವ ಊರುಗಳಲ್ಲಿ ಒಂದು ಯುಪಿಎಸ್ ಇರುವದು ಅವಶ್ಯ. ಮತ್ತು ಎಸ್‌ಎಸ್‌ಡಿಯನ್ನು ಬಂಗಾರದಂತೆ ಟ್ರಂಕಿನಲ್ಲಿಟ್ಟು ಹತ್ತು ವರ್ಷ ಮರೆಯಬಾರದು. ಗಡಿಗೆಯ ನೀರು ಇಂಗುವಂತೆ, ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹುಕಾಲ ಬಿದ್ದ ಕೋಣೆಗಳಿಂದ ಸಂಗ್ರಹವು ಮೆಲ್ಲಗೆ ಸೋರುವದುಂಟು. ವರ್ಷಕ್ಕೊಮ್ಮೆಯಾದರೂ, ದಸರೆಗೆ ಆಯುಧಪೂಜೆಯ ನೆವದಿಂದಲಾದರೂ ಸರಿ, ಕೂಡಿಸಿ ತೆರೆದು ನೋಡಬೇಕು. ಎರಡನೆಯ ಪ್ರತಿಯನ್ನು ಬೇರೊಂದು ಮನೆಯಲ್ಲಿ ಇಡಬೇಕು. ನಮ್ಮದು ಈಗ ಒಂದು ಇಳಕಲ್ಲದಲ್ಲಿಯೂ, ಒಂದು ಬಾಗಲಕೋಟೆಯಲ್ಲಿಯೂ ಇದೆ.

ಅಂದಿನ ಸಂಜೆ ಕೆಲಸವೆಲ್ಲ ಮುಗಿದ ಮೇಲೆ ತಂಗಿಯು ಅವ್ವನ ಧ್ವನಿಯನ್ನು ಹಚ್ಚಿದಳು. ಪಕ್ಕದ ಕೋಣೆಯ ಕುಣಿಮಗ್ಗದಲ್ಲಿ ಭಾವನು ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುತ್ತಿದ್ದವನು ಕೈ ನಿಲ್ಲಿಸಿ ಹೊರಗೆ ಬಂದನು. ಎಳೆ ಎಳೆಯಾಗಿ ಕೂಡಿಸುವ ಆ ಕೆಲಸವು ಅವಸರಕ್ಕೆ ಬಗ್ಗುವಂಥದಲ್ಲ. ಒಂದು ಕೊಂಡಿ ತಪ್ಪಿದರೆ ಸೀರೆಯೇ ಎರಡಾಗುವದು. ಕೇಬಲನ್ನು ಕಿತ್ತ ಹುಡುಗನು ಅಪ್ಪನ ಕೈಯನ್ನು ನೋಡುತ್ತ ಸುಮ್ಮನೆ ಕುಳಿತಿದ್ದನು. "ಮಾಮಾ, ಇನ್ನ ಗಡಿಬಿಡಿ ಮಾಡೂದಿಲ್ಲ," ಎಂದು ಅವನು ಮೆಲ್ಲಗೆ ಅಂದನು. ನಾನು ಅವನಿಗೆ ಬೇರೆ ಬುದ್ಧಿವಾದವನ್ನೇನೂ ಹೇಳಲಿಲ್ಲ. ಬೀಸುವ ಪದವು ಕೊನೆಯವರೆಗೂ, ಎಲ್ಲಿಯೂ ತುಂಡಾಗದೆ, ಕೇಳಿಬಂದಿತು.